ಬಾಣ ಬರೆದವರು ಯಾರು

ಕಲ್ಲು ಕೊಯ್ಯುವ ಅಕ್ಕನಿಗೆ ಮೈಯೆಲ್ಲ ಉರಿ ಹತ್ತಿತ್ತು. ಕಾಲೇಜಿನ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷ ಕಲ್ಲನ್ನು ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿ, ಗಾಜಿಗೆ ಅಂಟಿಸಿಕೊಟ್ಟ ಕೈ ಅವಳದು. ಬೆಳಿಗ್ಗೆ ಪ್ರೊಫೆಸರು ಆರು ಜನ ವಿದ್ಯಾರ್ಥಿಗಳ ಮುಂದೆಯೇ, "ಅಡ್ಡಾದಿಡ್ಡಿ ಕೊಯ್ದು ಹಾಳು ಮಾಡಿದೀಯ. ಗಾರ್ನೆಟ್ಟಿನ ಒಳಗಿನ ಸುಳಿ ಎಲ್ಲಿ?" ಎಂದಿದ್ದರು.

ನೆಲದಾಳದಲ್ಲಿ ಬೆಂದು, ನಲುಗಿ, ರೂಪ ಬದಲಿಸಿದ ಕಲ್ಲದು. ಗಾರ್ನೆಟ್ ಹರಳು ಉರುಳುತ್ತ ಬೆಳೆದಿದ್ದರೆ ಒಳಗೆ ಬಸವನಹುಳುವಿನ ಚಿಪ್ಪಿನಂಥ ಸುಳಿ ಉಳಿದಿರುತ್ತದೆ; ಸರಿಯಾದ ದಿಕ್ಕಿಗೆ ಕೊಯ್ದರಷ್ಟೇ ಕಾಣುತ್ತದೆ. ದಿಕ್ಕು ತೋರಿಸುವ ಬಾಣವನ್ನು ಕಲ್ಲಿನ ಮೇಲೆ ಬರೆದವರು ಸ್ವತಃ ಪ್ರೊಫೆಸರು.

"ಸಾರ್, ನೀಲಿ ಕಯನೈಟ್ ಹರಳೆಲ್ಲಾ ಬಾಚಿದ ಕೂದಲ ಥರ ಹೀಗೆ ಮಲಗಿದೆ, ನಿಮ್ಮ ಬಾಣ ಅಡ್ಡ ಹೋಗಿದೆ" ಎಂದು ಅವಳು ಕೊಯ್ಯುವ ಮೊದಲೇ ಹೇಳಿದ್ದಳು.

"ಕೊಯ್ಯೋದು ನಿನ್ನ ಕೆಲಸ, ಓದೋದು ನಮ್ಮದು" ಎಂದಿದ್ದರು. ಬಾಯಿ ಮುಚ್ಚಿಕೊಂಡು ಕೊಯ್ದಿದ್ದಳು. ಈಗ ಅವಳನ್ನು ಹೆಚ್ಚು ಸುಡುತ್ತಿದ್ದದ್ದು ಅದೇ.

ಆ ಕಲ್ಲಿನಲ್ಲಿ ಇನ್ನು ಉಳಿದದ್ದು ಹೆಬ್ಬೆರಳಷ್ಟು ಚೂರು. ಕಲ್ಲು ಸಿಕ್ಕ ಗುಡ್ಡವನ್ನು ಸಿಡಿಸಿ ರಸ್ತೆಗೆ ಹಾಕಿಯಾಗಿತ್ತು. ಈ ಸಲ ಅವಳು ಯಾರನ್ನೂ ಕೇಳಲಿಲ್ಲ. ಬಾಣವನ್ನು ಲೆಕ್ಕಿಸದೆ ಕಯನೈಟ್ ಮಲಗಿದ ದಿಕ್ಕಿಗೇ ಕೊಯ್ದು ಉಜ್ಜತೊಡಗಿದಳು.

"ಮೆಲ್ಲಗಮ್ಮ," ಎಂದ ಕಸ ಗುಡಿಸುವ ಮಾವ. "ಅದು ನಿನ್ನ ಪ್ರೊಫೆಸರ ಬೆನ್ನಲ್ಲ."

"ಬೆನ್ನಾಗಿದ್ರೆ ಇಷ್ಟೊತ್ತಿಗೆ ಅದ್ರಲ್ಲೂ ಬೆಳಕು ಹಾಯ್ತಿತ್ತು ಮಾವ."

ಆದರೂ ಕೈ ಹಗುರ ಮಾಡಿದಳು. ಮಧ್ಯಾಹ್ನ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರೆ ಒಂದಲ್ಲ, ಮೂರು ಸುಳಿ.

ಪ್ರೊಫೆಸರು ಬಂದು ಬಗ್ಗಿದವರು ಏಳಲೇ ಇಲ್ಲ. "ಅಬ್ಬಾ, ಎಂಥಾ ಸುಳಿ... ನೋಡು, ಮನಸ್ಸಿಟ್ರೆ ನಿನಗೂ ಬರತ್ತೆ."

ಅಕ್ಕ ಅವರ ಕಣ್ಣಿನಡಿಯಿಂದಲೇ ಗಾಜನ್ನು ಎಳೆದುಕೊಂಡಳು. "ಬಾಣ ಬರೆದವರು ಯಾರು ಸಾರ್?"

"ಆಯ್ತು ಮಾರಾಯ್ತಿ, ನನ್ನಿಂದಲೇ ಆಗಿರಬಹುದು. ಕೊಡು."

"ಬೈದಾಗ ಆರು ಜನ ಇದ್ರು. ಈಗ ಗೋಡೆಗೆ ಹೇಳ್ತಿದೀರಿ."

ಅವರು ಅವಳ ಮುಷ್ಟಿ ನೋಡಿದರು. ಕೂದಲಿಗಿಂತ ತೆಳ್ಳಗಿನ ಕಲ್ಲು. ಬೆರಳು ಸ್ವಲ್ಪ ಸಡಿಲಿ ಗಾಜು ಬಿದ್ದರೂ ಮುಗಿಯಿತು. ಹೋಗಿ ಆರೂ ಜನರನ್ನು ಕರೆತಂದರು.

"ನಮ್ಮಿಬ್ಬರ ನಡುವೆ ಏನೋ ಸಣ್ಣ..." ಎಂದು ಶುರುಮಾಡಿದರು.

"ತಪ್ಪು ಇಬ್ಬರದಲ್ಲ" ಎಂದಳು ಅಕ್ಕ.

ಪ್ರೊಫೆಸರು ಕನ್ನಡಕ ತೆಗೆದು ಒರೆಸಿದರು. "ಬಾಣ ನಾನು ತಪ್ಪು ಬರೆದಿದ್ದೆ. ಇವಳು ಹೇಳಿದ್ಲು. ನಾನು ಕೇಳಲಿಲ್ಲ."

ಅಕ್ಕ ಗಾಜನ್ನು ಅವರ ಕೈಗೆ ಕೊಡಲಿಲ್ಲ. ಮುಂದೆ ನಿಂತಿದ್ದ ವಿದ್ಯಾರ್ಥಿನಿಯ ಅಂಗೈಯಲ್ಲಿಟ್ಟು, "ಮೊದಲು ನೀನು ನೋಡಮ್ಮ" ಎಂದಳು.