ನೋವೋ ನೆವವೋ

"ಹಿಟ್ಟು ಅಂದ್ರೆ ಯಾವ ಹಿಟ್ಟು?" ಎಂದು ಅವಳು ಕೇಳಿದಳು.

ಡಾಕ್ಟರಮ್ಮ ಈ ಪ್ರಶ್ನೆಗೆ ತಯಾರಾಗಿ ಬಂದಿರಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ನಿಂತಿದ್ದ ನರ್ಸಿನ ಮುಖ ನೋಡಿದರು. ಆ ಕನ್ನಡಕದ ಎಡಗಡೆಯ ಕಡ್ಡಿ ಸಡಿಲವಾಗಿತ್ತು. ಒಂದು ಸ್ಕ್ರೂ ಬಿಗಿ ಮಾಡಿದರೆ ಸರಿಹೋಗುವಂಥದ್ದು. ಕನ್ನಡಕದ ಅಂಗಡಿಯಲ್ಲಿ ವರ್ಷಗಟ್ಟಲೆ ದುಡಿದ ಅವಳ ಕೈಗೆ ಅಂಥದ್ದನ್ನು ಕಂಡರೆ ಸುಮ್ಮನಿರಲು ಆಗುವುದಿಲ್ಲ. ಇವತ್ತು ಕೈ ಮಡಿಲಲ್ಲೇ ಬಿದ್ದಿತ್ತು.

"ಮೆಕ್ಕೆಜೋಳದ್ದು ಅಕ್ಕಾ," ಎಂದಳು ನರ್ಸು. "ಕ್ಯಾಪ್ಸೂಲ್ ತುಂಬೋಕೆ ಅದನ್ನೇ ಬಳಸೋದು."

"ಅಂದ್ರೆ ಅಡುಗೆಮನೆ ಡಬ್ಬೀಲಿ ಇರುತ್ತಲ್ಲ, ಅದೇ."

"ಹೆಚ್ಚುಕಮ್ಮಿ ಅದೇ."

ಡಾಕ್ಟರಮ್ಮ ಮತ್ತೆ ಮೊದಲಿನಿಂದ ಶುರುಮಾಡಿದರು. ಇದು ಸಂಶೋಧನೆ. ಕಾರಣ ಸಿಗದ ಕಿಬ್ಬೊಟ್ಟೆ ನೋವಿಗೆ ಈ ಔಷಧಿ ಕೆಲಸ ಮಾಡುತ್ತದೋ ಇಲ್ಲವೋ ನೋಡುವುದಕ್ಕೆ ಅರ್ಧ ಹೆಂಗಸರಿಗೆ ಔಷಧಿ ಕೊಟ್ಟಿದ್ದು, ಇನ್ನರ್ಧ ಹೆಂಗಸರಿಗೆ ನೋಡಲು ಹಾಗೇ ಇರುವ ಖಾಲಿ ಮಾತ್ರೆ. ಯಾರಿಗೆ ಯಾವುದು ಹೋಗುತ್ತಿದೆ ಎಂದು ಕೊಡುವವರಿಗೂ ಗೊತ್ತಿರಲಿಲ್ಲ. ಈಗ ಪಟ್ಟಿ ತೆರೆದಾಗ ನಿಮ್ಮದು ಖಾಲಿ ಎಂದು ಗೊತ್ತಾಗಿದೆ. ಇದನ್ನೆಲ್ಲ ಮೊದಲೇ ಹೇಳಿದ್ದೆವಲ್ಲ?

ಹೇಳಿದ್ದು ನಿಜ. ಅವಳು ಸಹಿ ಹಾಕಿದ್ದೂ ನಿಜ. ಆದರೆ ಖಾಲಿ ಬರುವುದೇನಿದ್ದರೂ ಪಕ್ಕದ ಕುರ್ಚಿಯವರಿಗೆ ಎಂದೇ ಎಲ್ಲರೂ ಅಂದುಕೊಳ್ಳುವುದು.

"ಸರಿ ಮೇಡಂ. ಹಾಗಾದ್ರೆ ಇನ್ಮೇಲೆ ನಂಗೆ ಆ ನಿಜವಾದ ಮಾತ್ರೆ ಕೊಡಿ. ಹಿಟ್ಟಿಗೇ ಇಷ್ಟು ಗುಣ ಆಗಿದೆ ಅಂದ್ಮೇಲೆ ಔಷಧಿಗೆ ಇನ್ನೆಷ್ಟು ಆಗಬೇಕು."

"ಅಲ್ಲೇ ಬಂದಿರೋದು ತೊಂದರೆ," ಎಂದರು ಡಾಕ್ಟರಮ್ಮ. "ಔಷಧಿ ತಗೊಂಡವರಿಗೂ ಇಷ್ಟೇ ಗುಣ ಆಗಿದೆ. ಹಿಟ್ಟಿಗಿಂತ ಗುಲಗಂಜಿಯಷ್ಟೂ ಜಾಸ್ತಿ ಇಲ್ಲ. ತಲೆಸುತ್ತು, ನಿದ್ದೆ ಮಾತ್ರ ಜಾಸ್ತಿ. ಹಾಗಾಗಿ ಅದನ್ನ ಇಲ್ಲಿಗೆ ನಿಲ್ಲಿಸ್ತಾ ಇದ್ದೀವಿ."

"ಬೇರೆ ಮಾತ್ರೆ?"

"ಸದ್ಯಕ್ಕೆ ಬೇರೆ ಯಾವುದೂ ಇಲ್ಲ." ಅವರು ಕನ್ನಡಕ ಕೈಗೆತ್ತಿಕೊಂಡರು, ಹಾಕಿಕೊಳ್ಳಲಿಲ್ಲ. "ಒಂದು ಮಾತು ನೆನಪಿಡಿ. ನಿಮ್ಮ ನೋವು ಸುಳ್ಳು ಅಂತ ಇದರ ಅರ್ಥ ಅಲ್ಲ. ನೋವಿದ್ದದ್ದೂ ನಿಜ, ಕಡಿಮೆ ಆಗಿದ್ದೂ ನಿಜ."

"ಇದನ್ನ ನಮ್ಮನೆಗೆ ಬಂದು ಹೇಳ್ತೀರಾ ಮೇಡಂ?"

ಡಾಕ್ಟರಮ್ಮ ನಕ್ಕರು. ನಗುವ ಮಾತಲ್ಲ ಎಂದು ತಿಳಿದು ಅರ್ಧದಲ್ಲಿ ನಿಲ್ಲಿಸಿದರು.

ಅವಳ ಮನೆಯಲ್ಲಿ ಆ ನೋವಿಗೆ ಅತ್ತೆ ಇಟ್ಟ ಹೆಸರಿತ್ತು. ಬಚ್ಚಲಿನ ಬಾಗಿಲು ಹಾಕಿಕೊಂಡು ಅವಳು ಗೋಡೆಗೆ ಹಣೆ ಒತ್ತಿ ನಿಂತಾಗ ಹೊರಗಿನಿಂದ ಕೇಳುತ್ತಿತ್ತು: "ನೋವೋ, ನೆವವೋ?" ಅತ್ತೆ ಕೆಟ್ಟವರೇನಲ್ಲ. ಏಳು ಹೆತ್ತು ನಾಲ್ಕು ಉಳಿಸಿಕೊಂಡವರು. ಹೆರಿಗೆಯ ಮಾರನೆಯ ದಿನವೇ ಒಲೆಯ ಮುಂದೆ ನಿಂತವರು. ಹೊಟ್ಟೆನೋವು ಎಂದರೆ ಕೊನೆಗೊಂದು ಮಗುವೋ ಹೆಣವೋ ಹೊರಬರಬೇಕು, ಏನೂ ಬರದ ನೋವು ಅವರ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಸ್ಕ್ಯಾನಿಂಗ್ ಆಯಿತು, ಹೊಕ್ಕುಳಿನ ಹತ್ತಿರ ತೂತು ಮಾಡಿ ಕ್ಯಾಮೆರಾ ಇಳಿಸಿಯೂ ನೋಡಿದ್ದಾಯಿತು. ಒಳಗೆ ಎಲ್ಲ ಗುಡಿಸಿ ಸಾರಿಸಿದ ಹಾಗೆ ಶುಭ್ರವಾಗಿದೆ ಎಂದರು. ಆ ದಿನ ಅವಳು ಅತ್ತಳು. ಗಡ್ಡೆಯಿಲ್ಲ ಎಂಬ ಸಂತೋಷಕ್ಕೆ ಅಳುತ್ತಿದ್ದಾಳೆಂದು ಗಂಡ ಬೆನ್ನು ಸವರಿದ.

ಗಂಡ ಲಿಫ್ಟ್ ರಿಪೇರಿಯವನು. ಅವನ ತಮಾಷೆಗಳೂ ಲಿಫ್ಟಿನೊಳಗೇ ಮೇಲೆ ಕೆಳಗೆ ಓಡಾಡುತ್ತಿದ್ದವು. "ಇವಳದು ಐದನೇ ಮಹಡಿಯವರ ಕಂಪ್ಲೇಂಟ್ ಇದ್ದ ಹಾಗೆ," ಎನ್ನುತ್ತಿದ್ದ. "ಟಕಟಕ ಶಬ್ದ ಬರ್ತಿದೆ ಅಂತ ಫೋನ್ ಮಾಡ್ತಾರೆ. ಹೋಗಿ ಎಲ್ಲ ಬಿಚ್ಚಿ ನೋಡಿದ್ರೆ ಶಬ್ದಾನೇ ಇರಲ್ಲ. ಬೆನ್ನು ತಿರುಗಿಸಿದ ತಕ್ಷಣ ಮತ್ತೆ ಫೋನು."

ಅಂಗಡಿಯಲ್ಲಿ ಅವಳು ಬೇರೆಯೇ ಉಪಾಯ ಕಲಿತಿದ್ದಳು. ನೋವು ಎದ್ದಾಗ ಮುಖ ಮುದುಡಬಾರದು, ಗಿರಾಕಿ ಎದುರಿಗಿರುತ್ತಾನೆ. ಅದಕ್ಕೆ ಚಪ್ಪಲಿಯೊಳಗೆ ಕಾಲ್ಬೆರಳುಗಳನ್ನು ಮಡಚಿ ಬಿಗಿಹಿಡಿಯುತ್ತಿದ್ದಳು. ನೋವೆಲ್ಲ ಅಲ್ಲಿಗಿಳಿಯುತ್ತಿತ್ತು, ಮೇಲೆ ಮುಖ ನಗುನಗುತ್ತಲೇ ಇರುತ್ತಿತ್ತು. ಕೌಂಟರಿನ ಹಿಂದೆ ಕಾಲು ಯಾರಿಗೆ ಕಾಣಬೇಕು?

ಸಂಶೋಧನೆಗೆ ಸೇರಿದ ಮೇಲೆ ನರ್ಸು ವಾರಕ್ಕೊಮ್ಮೆ ಫೋನ್ ಮಾಡಿ ಕೇಳುತ್ತಿದ್ದಳು. "ಅಕ್ಕಾ, ಸೊನ್ನೆಯಿಂದ ಹತ್ತರೊಳಗೆ ಈ ವಾರ ನೋವು ಎಷ್ಟು?" ಎಷ್ಟು ಎಂದು ಅದುವರೆಗೆ ಅವಳನ್ನು ಯಾರೂ ಕೇಳಿರಲಿಲ್ಲ. ಇದೆಯೋ ಇಲ್ಲವೋ ಎನ್ನುವುದೇ ತೀರ್ಮಾನವಾಗದೆ ಕೂತಿತ್ತಲ್ಲ. ಮೊದಲ ತಿಂಗಳು ಎಂಟು ಎಂದಳು. ಆಮೇಲೆ ಆರು. ಒಂದು ದಿನ ಫೋನಿನಲ್ಲಿ ಮೂರು ಎಂದವಳು, ತನ್ನ ಬಾಯಿಂದ ಬಂದ ಅಂಕಿಯನ್ನು ತಾನೇ ನಂಬದೆ ಹೊಟ್ಟೆ ಮುಟ್ಟಿ ನೋಡಿಕೊಂಡಳು. ನಿಜವಾಗಿಯೂ ಮೂರೇ ಇತ್ತು.

ಮನೆ ಬದಲಾಯಿತು. ಅತ್ತೆಯೇ ಒಂದು ಸಂಜೆ ಅವಳ ಪಕ್ಕ ಬಂದು ಕೂತು, ಬೇರೇನೋ ಮಾತಾಡುವವರ ಹಾಗೆ ಕಿಟಕಿ ನೋಡುತ್ತಾ ಹೇಳಿದರು: "ಮಾತ್ರೆಗೆ ಹೋಗ್ತದೆ ಅಂದ್ರೆ ಅದು ನೋವೇ ಕಣೇ. ನೆವ ಮಾತ್ರೆಗೆ ಹೋಗಲ್ಲ." ಅಷ್ಟನ್ನು ಕೇಳುವುದಕ್ಕೆ ಅವಳು ಹದಿನಾಲ್ಕು ವರ್ಷ ಆ ಮನೆಯಲ್ಲಿ ಕಾದಿದ್ದಳು.

ಸುಖ ಬಂದರೆ ಹೆದರಿಕೆಯೂ ಬೆನ್ನಿಗೆ ಬರುತ್ತದೆ. ಸಂಶೋಧನೆ ಮುಗಿದ ಮೇಲೆ ಮುಂದೇನು? ಅವಳು ಮಾತ್ರೆ ಕೂಡಿಡತೊಡಗಿದಳು. ನಡುನಡುವೆ ಒಂದೊಂದು ದಿನ ನುಂಗದೆ, ಕ್ಯಾಪ್ಸೂಲನ್ನು ಹಳೆಯ ಕನ್ನಡಕದ ಡಬ್ಬಿಯೊಳಗೆ ಹಾಕಿಡುವುದು. ಎಲ್ಲ ತಗೊಂಡೆ ಎಂದು ನರ್ಸಿನ ಹತ್ತಿರ ಹೇಳುವುದು. ಮಾತ್ರೆ ಬಿಟ್ಟ ದಿನ ನೋವು ಬಾಗಿಲಲ್ಲೇ ಕಾದು ನಿಂತಿದ್ದ ಹಾಗೆ ಒಳಗೆ ನುಗ್ಗುತ್ತಿತ್ತು. ಆ ನೋವನ್ನು ಅವಳು ಹಲ್ಲುಕಚ್ಚಿ, ಹೆಚ್ಚುಕಡಿಮೆ ಖುಷಿಯಿಂದಲೇ ಅನುಭವಿಸಿದಳು. ನುಂಗಿದರೆ ಇಲ್ಲ, ಬಿಟ್ಟರೆ ಇದೆ. ಇದಕ್ಕಿಂತ ದೊಡ್ಡ ಸಾಕ್ಷಿ ಯಾವ ಡಾಕ್ಟರು ಕೊಟ್ಟಾರು?

ಡಾಕ್ಟರಮ್ಮನ ಕೋಣೆಯಿಂದ ನರ್ಸು ಅವಳನ್ನು ಬಾಗಿಲವರೆಗೆ ಬಿಡಲು ಬಂದಳು. ಕಾರಿಡಾರಿನಲ್ಲಿ ಬೇರೆ ಹೆಂಗಸರು ತಮ್ಮ ಸರದಿಗೆ ಕಾಯುತ್ತಿದ್ದರು. ಅವರಲ್ಲಿ ಯಾರು ಔಷಧಿ, ಯಾರು ಹಿಟ್ಟು ಎಂದು ಮುಖ ನೋಡಿ ಹೇಳುವಂತಿರಲಿಲ್ಲ.

"ಎಲ್ಲರಿಗಿಂತ ಸರಿಯಾಗಿ ಮಾತ್ರೆ ತಗೊಂಡೋರು ನೀವೇ ಅಕ್ಕಾ," ಎಂದಳು ನರ್ಸು. "ಒಂದೂ ಉಳಿಸಿಲ್ಲ. ನಾನು ಉಳಿದೋರಿಗೆಲ್ಲ ನಿಮ್ಮನ್ನೇ ತೋರಿಸಿ ಬೈತಿದ್ದೆ."

"ಇನ್ನು ಫೋನ್ ಮಾಡಲ್ವಾ ನೀನು?"

"ಮಾಡೋ ಹಾಗಿಲ್ಲ ಅಕ್ಕಾ. ಮುಗೀತಲ್ಲ."

"ಸುಮ್ನೆ ಆದ್ರೂ?"

ನರ್ಸು ಅವಳ ತೋಳು ಹಿಡಿದು ಬಿಟ್ಟಳು. ಒಳಗಿನಿಂದ ಯಾರೋ ಕರೆದರು.

ಅಂಗಡಿಗೆ ಬಂದಾಗ ಮಧ್ಯಾಹ್ನದ ಬಿಸಿಲು ಫ್ರೇಮುಗಳ ಮೇಲೆಲ್ಲ ಬಿದ್ದಿತ್ತು. ಒಬ್ಬ ನಿವೃತ್ತ ಮೇಷ್ಟ್ರು ಕಾಯುತ್ತಿದ್ದರು. ಅವಳು ಅವರ ಮೂಗಿಗೆ ಪರೀಕ್ಷೆಯ ಚೌಕಟ್ಟು ಏರಿಸಿ, ಗಾಜು ಹಾಕುತ್ತ ತೆಗೆಯುತ್ತ ಕೇಳತೊಡಗಿದಳು.

"ಈಗ?"

"ಪರವಾಗಿಲ್ಲ."

"ಈಗ? ಮೊದಲಿಗಿಂತ?"

"ಮೊದಲಿಂದೇ ವಾಸಿ ಇತ್ತೇನೋ. ಇನ್ನೊಂದ್ಸಲ ಹಾಕಿ ತೋರಿಸಮ್ಮ. ತಪ್ಪು ಹೇಳಿದ್ರೆ ನೀನು ಬೆಂಚಿನ ಮೇಲೆ ನಿಲ್ಲಿಸಲ್ಲ ತಾನೆ?"

ಅವಳು ನಕ್ಕಳು. ಮೇಷ್ಟ್ರಿಗೆ ಮಂಜಾಗಿ ಕಾಣುತ್ತಿದೆ ಎಂದರೆ ಮಂಜಾಗಿ ಕಾಣುತ್ತಿದೆ ಎಂದೇ ಅರ್ಥ. ಈ ಅಂಗಡಿಯಲ್ಲಿ ಅದನ್ನು ಯಾರೂ ಬಿಚ್ಚಿ ನೋಡುತ್ತಿರಲಿಲ್ಲ. ಮುಂದಿನ ಗಾಜು ಎತ್ತಿಕೊಳ್ಳಲು ಬಗ್ಗಿದಾಗ ಸೊಂಟದ ಹಿಂದಿನಿಂದ ಅದು ಎದ್ದಿತು. ಮಾತ್ರೆ ನುಂಗಿದ ದಿನ ಎಷ್ಟೋ ತಿಂಗಳಿಂದ ಹೀಗೆ ಬಂದಿರದಿದ್ದರೂ ದಾರಿ ಮರೆತಿರಲಿಲ್ಲ. ಬೆಳಿಗ್ಗೆ ಕ್ಯಾಪ್ಸೂಲ್ ನುಂಗಿಯೇ ಮನೆ ಬಿಟ್ಟಿದ್ದಳು. ಅವಳು ಕೌಂಟರಿನ ಅಂಚು ಹಿಡಿದುಕೊಂಡು, ಕಾಲ್ಬೆರಳು ಮಡಚಿ, "ಈಗ?" ಎಂದಳು.

"ಈಗ ಚೆನ್ನಾಗಿ ಕಾಣ್ತು," ಎಂದರು ಮೇಷ್ಟ್ರು.

ಮನೆಯಲ್ಲಿ ಅತ್ತೆ ಬಾಗಿಲಲ್ಲೇ ಕೇಳಿದರು. "ಏನಂದ್ರು?"

ದಾರಿಯುದ್ದಕ್ಕೂ ಅವಳು ಡಾಕ್ಟರಮ್ಮನ ಮಾತನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ನೋವಿದ್ದದ್ದೂ ನಿಜ, ಕಡಿಮೆ ಆಗಿದ್ದೂ ನಿಜ. ಹೊಸ್ತಿಲು ದಾಟುವಾಗ ಅದು ತನಗೇ ಸುಳ್ಳಿನ ಹಾಗೆ ಕೇಳಿಸಿತು. ಹಿಟ್ಟು ಎಂಬ ಒಂದು ಮಾತು ಬಾಯಿಂದ ಜಾರಿದರೆ ಸಾಕು, ಹದಿನಾಲ್ಕು ವರ್ಷಕ್ಕೆ ಹದಿನಾಲ್ಕೂ ನೆವವಾಗಿಬಿಡುತ್ತಿದ್ದವು. ಗಂಡನಿಗಂತೂ ಸಾಯುವವರೆಗೆ ಹೇಳಿಕೊಂಡು ನಗಲು ಒಂದು ಕಥೆ.

"ಪೂರ್ತಿ ವಾಸಿಯಾಗಿದೆಯಂತೆ," ಎಂದಳು. "ಇನ್ನು ಮಾತ್ರೆ ಬೇಡವಂತೆ."

"ನೋಡು, ನಾನು ಹೇಳಲಿಲ್ವಾ," ಎಂದು ಅತ್ತೆ ಮಗನ ಕಡೆ ತಿರುಗಿದರು, ಇಷ್ಟು ದಿನ ನಂಬದಿದ್ದವನು ಅವನೊಬ್ಬನೇ ಎನ್ನುವ ಹಾಗೆ.

"ಅಂತೂ ಐದನೇ ಮಹಡಿ ಕಂಪ್ಲೇಂಟ್ ಕ್ಲೋಸು," ಎಂದ ಗಂಡ, ಟೀ ಹೀರುತ್ತಾ. ಪಕ್ಕದಲ್ಲಿ ಹೋಮ್‌ವರ್ಕ್ ಬರೆಯುತ್ತಿದ್ದ ಮಗಳು ತಲೆಯೆತ್ತಿ ಅಮ್ಮನನ್ನು ನೋಡಿ ನಕ್ಕಳು.

ವಾಸಿಯಾದವಳು ಮತ್ತೆ ನರಳುವ ಹಾಗಿಲ್ಲ. ಇದು ಅವಳಿಗೆ ಗೊತ್ತಾದದ್ದು ಮುಂದಿನ ತಿಂಗಳು. ಮೊದಲಾದರೆ ನೆವ ಎನ್ನಿಸಿಕೊಂಡಾದರೂ ಮಲಗಬಹುದಿತ್ತು. ಈಗ ಬಚ್ಚಲಿನಲ್ಲಿ ನಲ್ಲಿ ತಿರುಗಿಸಿಟ್ಟು, ನೀರಿನ ಸದ್ದಿನ ಮರೆಯಲ್ಲಿ ಬಕೆಟಿನ ಅಂಚಿಗೆ ಮುಷ್ಟಿ ಒತ್ತಿ ನಿಲ್ಲಬೇಕಾಯಿತು. ಕನ್ನಡಕದ ಡಬ್ಬಿ ತೆಗೆದು ಒಂದು ಕ್ಯಾಪ್ಸೂಲ್ ನುಂಗಿದಳು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಹೋದ ತಿಂಗಳವರೆಗೆ ಗುಣ ಕೊಡುತ್ತಿದ್ದ ಮಾತ್ರೆಯೇ ಅದು. ಮೂರನೆಯದನ್ನು ನುಂಗದೆ ಎರಡು ಹೋಳಾಗಿ ಬಿಡಿಸಿ ಅಂಗೈಗೆ ಸುರಿದುಕೊಂಡು ನಾಲಗೆಗೆ ಮುಟ್ಟಿಸಿದಳು. ರುಚಿಯೇ ಇರಲಿಲ್ಲ. ಬಿಳಿ ಪುಡಿಯನ್ನು ಮತ್ತೆ ಜೋಪಾನವಾಗಿ ಒಳಗೆ ತುಂಬಿ, ಮುಚ್ಚಿ, ಡಬ್ಬಿಗೆ ಹಾಕಿದಳು. ಯಾಕೆ ಹಾಗೆ ಮಾಡಿದಳೆಂದು ಅವಳಿಗೇ ತಿಳಿಯಲಿಲ್ಲ.

ನರ್ಸಿನ ನಂಬರಿಗೆ ಒಮ್ಮೆ ಫೋನ್ ಮಾಡಿದಳು. ಬೇರೆ ಯಾರೋ ಎತ್ತಿ, ಈ ನಂಬರು ಈಗ ಬೇರೆ ಸಂಶೋಧನೆಗೆ ಕೊಟ್ಟಿದ್ದಾರೆ, ನಿಮಗೆ ಹೊಸದಾಗಿ ಮಗುವಾಗಿದೆಯೇ ಎಂದು ಕೇಳಿದರು. ಇಲ್ಲ ಎಂದು ಇಟ್ಟಳು.

ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ಮಗಳ ಶಾಲೆಯಿಂದ ಅಂಗಡಿಗೆ ಫೋನ್ ಬಂತು. ಮಗಳು ದೊಡ್ಡವಳಾಗಿ ಒಂದು ವರ್ಷವೂ ತುಂಬಿರಲಿಲ್ಲ. ಶುರುವಿನಲ್ಲಿ ಏನೂ ಇರಲಿಲ್ಲ. ಹೋದ ತಿಂಗಳು ಹೊಟ್ಟೆ ಹಿಡಿದುಕೊಂಡು ಓಡಾಡಿದ್ದಳು. ಇವತ್ತು ತರಗತಿಯ ನೆಲದ ಮೇಲೆ ಮುದುರಿ ಮಲಗಿದ್ದಾಳೆಂದರು. ಆಟೋದಲ್ಲಿ ಕರೆತರುವಾಗ ಅವಳು ಸೀಟಿನ ಮೇಲೆ ಅರ್ಧ ಬಾಗಿ ತಾಯಿಯ ಮೊಣಕಾಲನ್ನು ಗಟ್ಟಿಯಾಗಿ ಹಿಡಿದಿದ್ದಳು. ಮೆಡಿಕಲ್ ಸ್ಟೋರಿನಿಂದ ತಂದು ಕೊಟ್ಟ ನೋವಿನ ಮಾತ್ರೆ ಮನೆ ತಲುಪುವ ಮೊದಲೇ ವಾಂತಿಯಾಗಿ ಹೋಯಿತು.

ಅತ್ತೆ ಕೋಣೆಯ ಬಾಗಿಲಲ್ಲಿ ನಿಂತು ಮೊಮ್ಮಗಳನ್ನು ನೋಡಿದರು. ಬಹಳ ಹೊತ್ತು ನೋಡಿದರು. ಪರೀಕ್ಷೆ ಹತ್ತಿರ ಬಂದಿತ್ತು, ಅದೂ ಅವರ ತಲೆಯಲ್ಲಿತ್ತೇನೋ.

"ನಿನ್ನ ಮಾತ್ರೆ ಏನಾದ್ರೂ ಮಿಕ್ಕಿದ್ಯೇನೇ?" ಎಂದರು ಸೊಸೆಗೆ.

ಅವಳು ಬಗ್ಗಿ ಮಗಳ ದಿಂಬು ಸರಿಮಾಡಿದಳು.

"ಇದ್ರೆ ಒಂದು ಕೊಡು. ನಿನಗೆ ಗುಣ ಕೊಟ್ಟಿದ್ದು ಇವಳಿಗೆ ಕೊಡದೆ ಇರುತ್ತಾ? ನಿನ್ನ ಹೊಟ್ಟೇಲಿ ಹುಟ್ಟಿದೋಳೇ ಅಲ್ವಾ." ಆಮೇಲೆ, ಹೇಳಬೇಕೋ ಬೇಡವೋ ಎಂದು ತಡೆದು, ಹೇಳಿಯೇಬಿಟ್ಟರು. "ಅದಕ್ಕೂ ಹೋಗಲಿಲ್ಲ ಅಂದ್ರೆ ಆಗ ನೋಡೋಣ, ನೋವೋ ನೆವವೋ ಅಂತ."

ಮಗಳು ದಿಂಬಿನಿಂದ ಮುಖ ಎತ್ತಿ ಅಜ್ಜಿಯನ್ನೂ ಅಮ್ಮನನ್ನೂ ನೋಡಿದಳು.

ಅವಳು ಬಟ್ಟೆಯ ಕಪಾಟಿನ ಹಿಂದಿನಿಂದ ಕನ್ನಡಕದ ಡಬ್ಬಿ ತೆಗೆದಳು. ಒಂದು ಕ್ಯಾಪ್ಸೂಲ್ ಆರಿಸಿಕೊಂಡಳು, ಆರಿಸುವುದಕ್ಕೆ ಏನಾದರೂ ಇದೆ ಎನ್ನುವ ಹಾಗೆ. ನೀರಿನ ಲೋಟ ಹಿಡಿದು ಮಗಳ ತಲೆ ಎತ್ತಿ ಕೂರಿಸಿದಳು.

"ಇದು ನಿಂದಾ ಅಮ್ಮಾ? ದೊಡ್ಡಾಸ್ಪತ್ರೇದು?"

"ಹೂಂ. ನುಂಗು."

"ನಿಂಗೆ ಪೂರ್ತಿ ಹೋಯ್ತಲ್ಲ ಇದ್ರಿಂದ?"

"ಪೂರ್ತಿ ಹೋಯ್ತು," ಎಂದಳು. "ನೋಡಿಲ್ವಾ ನೀನು?"

ಮಗಳು ನುಂಗಿದಳು. ಅವಳು ಮೇಲೆ ಹೊದಿಕೆ ಎಳೆದು ಮಂಚದ ಅಂಚಿನಲ್ಲಿ ಕೂತಳು. ಬಾಗಿಲಲ್ಲಿ ಅತ್ತೆ ಕದಲಲಿಲ್ಲ. ಬೀದಿಯಲ್ಲಿ ಯಾರೋ ಸ್ಕೂಟರನ್ನು ಒದೆಯುತ್ತಿದ್ದರು. ಅದು ಸ್ಟಾರ್ಟ್ ಆಗುತ್ತಿರಲಿಲ್ಲ.

"ಈಗ?" ಎಂದು ಕೇಳಿದಳು.

ಮಗಳು ತಲೆಯಾಡಿಸಿದಳು. ಹೌದೋ ಅಲ್ಲವೋ ತಿಳಿಯಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದಳು. "ಈಗ? ಮೊದಲಿಗಿಂತ?"

"ಕಡಿಮೆ ಆಯ್ತಮ್ಮ," ಎಂದಳು ಮಗಳು.

"ನಿಜವಾಗ್ಲೂ?"

"ಹೂಂ. ತುಂಬಾ ಕಡಿಮೆ."

"ಪರವಾಗಿಲ್ಲ, ಒಳ್ಳೆ ಮಾತ್ರೆ," ಎನ್ನುತ್ತಾ ಅತ್ತೆ ಬಾಗಿಲು ಬಿಟ್ಟು ಅಡುಗೆಮನೆಗೆ ಹೋದರು.

ಅವಳು ಬಗ್ಗಿ ಮಗಳ ಮುಖ ನೋಡಿದಳು. ಹುಬ್ಬು ಸಡಿಲವಾಗಿತ್ತು, ಹಣೆಯ ಬೆವರು ಆರುತ್ತಿತ್ತು, ತುಟಿಯ ಮೇಲೆ ಒಂದಿಷ್ಟು ನಗುವೂ ಇತ್ತು. ಹಿಟ್ಟಿಗೆ ಇಷ್ಟು ಬೇಗ ಹೋಗುವುದಾದರೆ, ಎಂದು ಅವಳ ಒಳಗೆ ಯಾರೋ ಮಾತು ಶುರುಮಾಡಿದರು. ಆ ದನಿಯ ಗುರುತು ಅವಳಿಗೆ ಚೆನ್ನಾಗಿಯೇ ಇತ್ತು. ಅವಳು ಇನ್ನೂ ಹತ್ತಿರ ಬಗ್ಗಿ, ರೆಪ್ಪೆಯಲ್ಲಿ, ಬಾಯಿಯ ಕೊನೆಯಲ್ಲಿ, ಏನಾದರೂ ಸಿಗುತ್ತದೋ ಎಂದು ಹುಡುಕಿದಳು.

"ಏನಮ್ಮಾ ಹಾಗೆ ನೋಡ್ತೀಯ?"

"ಏನಿಲ್ಲ. ಮಲಕ್ಕೋ."

ಹೊದಿಕೆ ಮಗಳಿಗೆ ಗಿಡ್ಡವಾಗಿತ್ತು. ಏಳುವಾಗ ಅವಳ ಕಣ್ಣು ಮಂಚದ ಆ ತುದಿಗೆ ಹೋಯಿತು. ಹೊದಿಕೆಯ ಹೊರಗೆ ಉಳಿದಿದ್ದ ಎರಡು ಪಾದಗಳಲ್ಲಿ ಬೆರಳುಗಳು ಬಿಳುಚಿಕೊಂಡು, ಅಂಗಾಲಿಗೆ ಅಂಟುವಷ್ಟು ಬಿಗಿಯಾಗಿ ಮಡಚಿಕೊಂಡಿದ್ದವು.

ಅವಳು ಹೊದಿಕೆಯನ್ನು ಕೆಳಗೆ ಎಳೆದು ಅವುಗಳನ್ನು ಮುಚ್ಚಿದಳು.