ಐದನೆಯ ಕುಳಿಯ ನೀರು

ವಿಚಾರಪರರೂ ಸಹನಾಶೀಲರೂ ಆದ ವಾಚಕ ಮಹಾಶಯರೇ, ಮುಂದೆ ನಿರೂಪಿತವಾಗುವ ವೃತ್ತಾಂತದಲ್ಲಿ ಖಡ್ಗಪ್ರಹಾರವಿಲ್ಲ, ರಾಜಕುಮಾರಿಯ ಅಪಹರಣವಿಲ್ಲ, ಗುಪ್ತದ್ವಾರವೂ ಇಲ್ಲ. ಅಪರಾಧವೊಂದು ಮಾತ್ರ ಉಂಟು. ಅಪರಾಧಿಯನ್ನು ಕಡೆಯ ಪುಟದವರೆಗೆ ಮುಚ್ಚಿಡುವ ಪದ್ಧತಿಯನ್ನು ನಾನು ಬಲ್ಲೆನಾದರೂ ಪಾಲಿಸಲಾರೆ. ಏಕೆಂದರೆ ಅಪರಾಧಿ ನಾನೇ.

ಇಸವಿ ೧೯೪೫. ಊರೂರು ಅಲೆಯುತ್ತ ಆಲ್ದೂರಿಗೆ ಬಂದಿದ್ದ ನನಗೆ ಸಮೀಪದ ಕಾಫಿ ತೋಟವೊಂದರ ಆಸ್ಪತ್ರೆಯಲ್ಲಿ ರೈಟರ್ ಕೆಲಸ ದೊರೆತಿತ್ತು. ಅಕ್ಷರ ದುಂಡಗಿರುವುದೊಂದೇ ನನ್ನ ಅರ್ಹತೆ. ಅಲ್ಲಿಯ ಡಾಕ್ಟರು ಜನಾರ್ದನ ರಾಯರು. ಬೂಷ್ಟಿನಿಂದ ತೆಗೆದ ಹೊಸ ಮದ್ದೊಂದು ಯುದ್ಧದಲ್ಲಿ ಸಿಪಾಯಿಗಳ ಕೀವುಗಾಯಗಳನ್ನು ಮಾಯಿಸುತ್ತಿದೆಯೆಂದು ಪತ್ರಿಕೆಯಲ್ಲಿ ಓದಿದಂದಿನಿಂದ ಅವರಿಗೆ ಕುಳಿತಲ್ಲಿ ಕೂರಲಾಗುತ್ತಿರಲಿಲ್ಲ. ಬೂಷ್ಟಿಗೇ ಅಷ್ಟು ಗುಣವಿದ್ದರೆ ನಮ್ಮ ಗುಡ್ಡದ ಸೊಪ್ಪಿಗೆ, ಕೆರೆಯ ಪಾಚಿಗೆ ಎಷ್ಟಿರಬೇಡ ಎಂಬುದು ಅವರ ತರ್ಕ.

ಈ ತರ್ಕಕ್ಕೆ ಅವಸರ ತಂದವರು ಮುತ್ತಮ್ಮ. ಆಕೆ ತೋಟದ ಲೈನಿನಲ್ಲಿ, ಅಂದರೆ ಆಳುಗಳ ಸಾಲುಮನೆಯೊಂದರಲ್ಲಿದ್ದುಕೊಂಡು, ಕೂಲಿಯವರ ಹುಣ್ಣುಗಳಿಗೆ ಸೊಪ್ಪು ಅರೆದು ಕಟ್ಟುವ ಮುದುಕಿ. ಆಳುಗಳ ಮೇಲ್ವಿಚಾರಕನಾದ ಮಂಜಯ್ಯ ಮೇಸ್ತ್ರಿ ಆಕೆ ಕಟ್ಟಿದ ಸೊಪ್ಪನ್ನು ಎರಡೇ ದಿನಕ್ಕೆ ಕಿತ್ತೆಸೆದು ಕೆಸರಿನಲ್ಲಿ ತಿರುಗಿ, ಕಾಲು ಕೀವಾದೊಡನೆ ತೋಟವನ್ನು ನಡೆಸುವ ದೊರೆಯ ಬಳಿ ದೂರು ಹೇಳಿದ. ದೊರೆ ಡಾಕ್ಟರಿಗೆ ಚೀಟಿ ಕಳುಹಿಸಿದರು: ಸೊಪ್ಪಿಗೆ ಗುಣವಿದ್ದರೆ ಶನಿವಾರದೊಳಗೆ ರುಜುವಾತಾಗಬೇಕು, ಇಲ್ಲವಾದರೆ ಮುದುಕಿ ಲೈನು ಖಾಲಿ ಮಾಡಬೇಕು.

ಮುತ್ತಮ್ಮ ರಸ ತಂದುಕೊಟ್ಟರು. ಸೊಪ್ಪಿನ ಹೆಸರು ಮಾತ್ರ ಕೊಡಲಿಲ್ಲ.

"ಹೆಸ್ರು ಹೇಳಿದ್ರೆ ಮದ್ದಿನ ಗುಣ ಹೋಯ್ತದೆ, ಡಾಕ್ಟ್ರಯ್ಯ."

"ಹೆಸರಿಲ್ಲದೆ ರಿಪೋರ್ಟ್ ಹ್ಯಾಗೆ ಬರೀಲಿ?"

"ನನ್ ಹೆಸ್ರು ಬರ್ಕಳಿ. ಅದೇನ್ ಹೋಗಾದಿಲ್ಲ."

ಪರೀಕ್ಷೆಯ ಕ್ರಮ ಹೀಗಿತ್ತು. ಕಡಲಪಾಚಿಯ ಪುಡಿಯನ್ನು ಸಾರಿನಲ್ಲಿ ಕುದಿಸಿ, ಆರುವ ಮುನ್ನ ಮೇಸ್ತ್ರಿಯ ಕೀವಿನ ಕ್ರಿಮಿಗಳನ್ನು ಬೆರೆಸಿ, ಮೂರು ಗಾಜಿನ ತಟ್ಟೆಗಳಲ್ಲಿ ಹೆಪ್ಪುಗಟ್ಟಿಸುವುದು. ಪ್ರತಿ ತಟ್ಟೆಯಲ್ಲಿ ಐದು ಕುಳಿ ಕೊರೆದು, ಒಂದೊಂದಕ್ಕೆ ಒಂದೊಂದು ರಸ ತುಂಬುವುದು. ಒಂದು ಹಗಲು, ಒಂದು ರಾತ್ರಿ ಬೆಚ್ಚಗಿಟ್ಟರೆ ತಟ್ಟೆಯೆಲ್ಲ ಕ್ರಿಮಿ ಬೆಳೆದು ಮಂಜಾಗುತ್ತದೆ; ಯಾವ ರಸ ಕ್ರಿಮಿಯನ್ನು ಕೊಲ್ಲುವುದೋ ಅದರ ಕುಳಿಯ ಸುತ್ತ ಮಾತ್ರ ತಿಳಿಯಾದ ಉಂಗುರ ಉಳಿಯುತ್ತದೆ.

ಬೆಚ್ಚಗಿಡಲು ಯಂತ್ರವಿಲ್ಲದ್ದರಿಂದ ಹಂಡೆಯ ಒಲೆ ಉರಿಯುವ ಡಾಕ್ಟರ ಮನೆಯ ಬಚ್ಚಲೇ ಗತಿಯಾಯಿತು. ಅವರ ತಾಯಿ ಸೀತಮ್ಮನವರು ಬಾಗಿಲಲ್ಲೇ ತಡೆದರು.

"ಅದರಲ್ಲಿ ಏನಿದೆಯೋ ಜನ್ನಾ?"

"ಕೀವು ಅಮ್ಮಾ."

"ಯಾರದ್ದು?"

"ಮಂಜಯ್ಯ ಮೇಸ್ತ್ರಿದು."

"ನನ್ನ ಸ್ನಾನದ ಹಂಡೆ ಪಕ್ಕದಲ್ಲಿ ಮೇಸ್ತ್ರಿ ಕೀವು! ಇದಕ್ಕಾ ಮಾರಾಯ ನಿನ್ನನ್ನ ಅಷ್ಟು ದೂರ ಕಳಿಸಿ ಓದಿಸಿದ್ದು?"

ಆದರೂ ಹಲಗೆಯೊಂದನ್ನು ತೆರವು ಮಾಡಿಕೊಟ್ಟರು. ಅಷ್ಟರಲ್ಲಿ ಆಲ್ದೂರಿನಿಂದ ಹೆರಿಗೆಯ ಕರೆ ಬಂತು. ಡಾಕ್ಟರು ಗಾಜಿನ ನಳಿಕೆಯನ್ನು ನನ್ನ ಕೈಗಿತ್ತು, "ಸೀಸೆ ಮೇಲಿನ ಚೀಟಿ ನೋಡಿ ರಸ ಹಾಕು ಮಾರಾಯ. ಪಾಚಿ, ಕಾಡರಿಶಿನ, ಕಾಫಿ ಎಲೆ, ಮುತ್ತಮ್ಮಂದು. ಐದನೆಯದಕ್ಕೆ ಬರೀ ಕುದಿಸಿದ ನೀರು" ಎಂದು ಹೇಳಿ ಓಡಿದರು.

ನಾನು ಹೇಳಿದಂತೆಯೇ ಮಾಡಿದೆ. ಆದರೆ ಐದನೆಯ ಕುಳಿಯನ್ನು ನೋಡಿದಾಗ ಮನಸ್ಸು ಒಪ್ಪಲಿಲ್ಲ. ಛತ್ರಗಳ, ಮಠಗಳ ಪಂಕ್ತಿಗಳಲ್ಲಿ ಉಂಡು ಬೆಳೆದ ದೇಹವಿದು. ಸಾಲಿನ ಕೊನೆಯ ಎಲೆಗೆ ಬರುವಷ್ಟರಲ್ಲಿ ಪಾಯಸ ತೀರಿ, ಬಡಿಸುವವನು ನೀರಿನ ತಂಬಿಗೆ ತೋರಿಸಿ ಹೋಗುವ ದುಃಖವನ್ನು ಬಲ್ಲವನು ನಾನು. ನಾಲ್ವರಿಗೆ ಬಡಿಸಿ ಐದನೆಯವನಿಗೆ ನೀರು ಕೊಡುವ ಪಂಕ್ತಿಭೇದ ನನ್ನ ಕೈಯಿಂದ ಆಗಲಾರದೆಂದು, ನೀರನ್ನು ಹೀರಿ ತೆಗೆದು, ಧಾರಾಳವಾಗಿ ಮಿಕ್ಕಿದ್ದ ಮುತ್ತಮ್ಮನ ರಸವನ್ನು ಮೂರೂ ತಟ್ಟೆಗಳ ಐದನೆಯ ಕುಳಿಗೂ ತುಂಬಿದೆ. ಪುಣ್ಯಕಾರ್ಯವೆಂದು ಭಾವಿಸಿದ್ದರಿಂದ ಯಾರಿಗೂ ಹೇಳಲಿಲ್ಲ.

ಮರುದಿನ ಸಂಜೆ ಡಾಕ್ಟರು ಮುತ್ತಮ್ಮನ ಎದುರಿನಲ್ಲೇ ತಟ್ಟೆಗಳನ್ನು ತೆರೆದರು. ಕಾಫಿ ಎಲೆಗೆ ಏನೂ ಆಗಿರಲಿಲ್ಲ. ಪಾಚಿಯ ಸುತ್ತ ಕ್ರಿಮಿಗಳು ಇನ್ನಷ್ಟು ಸುಖವಾಗಿದ್ದಂತೆ ಕಂಡವು. ಕಾಡರಿಶಿನಕ್ಕೆ ಗೆರೆಯಂಥ ಉಂಗುರ. ಮುತ್ತಮ್ಮನ ಕುಳಿಯ ಸುತ್ತ ಬೆರಳಗಲದ ತಿಳಿಯುಂಗುರ! ಡಾಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು. ಮರುಕ್ಷಣ ಹಾಗೆಯೇ ಕುಸಿದು ಕೂತರು.

"ನೀರಿಗೂ ಅಷ್ಟೇ ಉಂಗುರ ಬಂದಿದೆ."

"ಬಂದ್ರೆ ಏನಾಯ್ತು?" ಎಂದರು ಮುತ್ತಮ್ಮ.

"ನಿನ್ನ ಮದ್ದೂ ನೀರೂ ಒಂದೇ ಅಂತ ಆಯ್ತು. ಈ ಪಾಕವೇ ಕೆಟ್ಟಿರಬೇಕು. ಮತ್ತೆ ಮಾಡೋಣ ಅಂದ್ರೆ ಕಡಲಪಾಚಿ ಪುಡಿ ಮುಗೀತು. ಯುದ್ಧದಿಂದಾಗಿ ಎಲ್ಲೂ ಸಿಗ್ತಿಲ್ಲ. ನಾಳೆಯೇ ಶನಿವಾರ."

"ನೀರಲ್ಲೇ ಹುಣ್ಣು ಮಾಯಂಗಿದ್ರೆ ಈ ವಯಸ್ಸಲ್ಲಿ ಗುಡ್ಡ ಹತ್ತಕೆ ನಂಗೇನ್ ಹುಚ್ಚಾ?" ಎಂದರು ಮುತ್ತಮ್ಮ. "ಮೂವತ್ತು ವರ್ಸ ಆ ಲೈನಲ್ಲಿದೀನಿ. ಎಲ್ಲಿಗ್ ಹೋಗ್ಲಿ?"

ಡಾಕ್ಟರು ಮುಖ ತಿರುಗಿಸಿ ರಿಪೋರ್ಟಿನ ಕಾಗದವನ್ನು ನನ್ನತ್ತ ತಳ್ಳಿದರು. "ಬರಿ: ಸೊಪ್ಪಿಗೂ ನೀರಿಗೂ ವ್ಯತ್ಯಾಸ ಕಂಡುಬರಲಿಲ್ಲ."

ನನ್ನ ದುಂಡಗಿನ ಅಕ್ಷರ 'ಸೊಪ್ಪಿಗೂ' ಎಂಬಲ್ಲೇ ನಿಂತಿತು. ಕಾದಂಬರಿಗಳಲ್ಲಿ ಇಂಥ ಗಳಿಗೆಗೆ ಸಿಡಿಲು ಬಡಿಯುತ್ತದೆ. ಇಲ್ಲಿ ಸೀತಮ್ಮನವರು ಹಂಡೆಗೆ ನೀರು ಸುರಿಯುವ ಸದ್ದಷ್ಟೇ ಕೇಳುತ್ತಿತ್ತು.

"ಡಾಕ್ಟರೇ, ಅದು ನೀರಲ್ಲ" ಎಂದು ನಡೆದದ್ದನ್ನೆಲ್ಲ ಒಪ್ಪಿಕೊಂಡೆ.

ಡಾಕ್ಟರು ನನ್ನ ಮುಂದಿದ್ದ ಕಾಗದವನ್ನು ಹಿಂದಕ್ಕೆಳೆದುಕೊಂಡರು. "ಕುಳಿಗೆ ಹಸಿವಾಗುತ್ತೇನೋ ಮಾರಾಯ?"

ಬಚ್ಚಲಿನಿಂದ ಸೀತಮ್ಮನವರ ದನಿ ಕೇಳಿಬಂತು: "ಅವನನ್ನ ಯಾಕೆ ಬೈತೀಯ? ಬಡಿಸೋ ಧರ್ಮ ಅವನಿಗಾದ್ರೂ ಗೊತ್ತಿದೆ!"

ಡಾಕ್ಟರು ತಟ್ಟೆಗಳನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದರು. ಆರು ಕುಳಿಗಳಲ್ಲಿ ಒಂದೇ ರಸ, ಆರೂ ಕಡೆ ಒಂದೇ ಅಳತೆಯ ಉಂಗುರ. ಪಾಕ ಕೆಟ್ಟಿದ್ದರೆ ಕಾಫಿ ಎಲೆಗೂ ಉಂಗುರ ಬರಬೇಕಿತ್ತು. "ಮೂರು ಸಾಕ್ಷಿ ಕೇಳಿದ್ದೆ, ಆರು ಸಿಕ್ಕಿದೆ" ಎಂದು ನಕ್ಕರು, ಬಳಿಕ ಗಂಭೀರರಾದರು. "ಆದರೆ ನೀನು ಮಾಡಿದ್ದನ್ನ ಬರೆದು ಸಹಿ ಹಾಕದೆ ದೊರೆ ನಂಬಲ್ಲ. ಸಹಿ ಹಾಕಿದ್ರೆ ನಿನ್ನ ಕೆಲಸ ಉಳಿಯಲ್ಲ."

ಎರಡು ಪುಟ ಬರೆದು ಸಹಿ ಹಾಕಿದೆ. ಶನಿವಾರ ಮಧ್ಯಾಹ್ನ ಉತ್ತರ ಬಂತು: ಮುದುಕಿ ಇರಬಹುದು, ರೈಟರ್ ಹೋಗಬಹುದು.

ನಾನು ಹೊರಡುವುದನ್ನು ನೋಡಲು ಮುತ್ತಮ್ಮ ಬಂದರು. "ನನ್ ಮದ್ದು ದಂಡ ಮಾಡಿ ನನ್ನೇ ಉಳ್ಸಿದ್ರಲ್ಲ ರೈಟ್ರೇ. ಮುಂದಿನೂರಲ್ಲಿ ಹೇಳಿದ್ದಷ್ಟೇ ಮಾಡಿ."

ಎರಡು ಅಂಗಿ, ಒಂದು ಪಂಚೆ, ರಟ್ಟು ಕಳಚಿದ ಐದು ಕಾದಂಬರಿಗಳನ್ನು ಕಂಬಳಿಯಲ್ಲಿ ಸುತ್ತಿ ಕಟ್ಟಿದೆ. ಕಳಸದ ಕಡೆ ಒಬ್ಬರಿಗೆ ಲೆಕ್ಕ ಬರೆಯುವವರು ಬೇಕಾಗಿದ್ದಾರೆಂದು ಕೇಳಿದ್ದೆ. ಗಂಟನ್ನು ಹೆಗಲಿಗೇರಿಸಿ, ಅತ್ತ ಹೋಗುವ ಬಾಳೆಹೊನ್ನೂರಿನ ದಾರಿ ಹಿಡಿದೆ.