ಎರಡು ಎಡಗೈ

ಮುತ್ತುರಾಜ್ ಮೂಟೆಯೊಳಗೆ ಮೊಣಕೈವರೆಗೂ ಕೈ ಇಳಿಸಿ ಇನ್ನೊಂದು ರಾಕ್ಷಸನನ್ನು ಹೊರಗೆಳೆದ. ಹಸಿರು ಮೈ, ಮೂರು ಕಣ್ಣು, ಡೊಳ್ಳು ಹೊಟ್ಟೆ, ಹಿಂದೆ ಮೊಸಳೆಯಂಥ ಬಾಲ. ಮುಖದ ಕಡೆ ಅವನು ನೋಡಲೇ ಇಲ್ಲ. ಎರಡು ಕೈಗಳ ಹೆಬ್ಬೆರಳೂ ಯಾವ ಕಡೆಗಿವೆ ಎಂದು ನೋಡಿ ಪಕ್ಕಕ್ಕಿಟ್ಟ.

"ಎಲ್ಲಾರೂ ಮೂತಿ ನೋಡ್ತಾರೆ ಮುತ್ತಣ್ಣ, ನೀವು ಕೈ ನೋಡ್ತೀರಾ," ಅಂದ ಅಂಗಡಿಯ ಉಮೈರ್. "ಏನು, ಅವಕ್ಕೂ ಭವಿಷ್ಯ ಹೇಳ್ತೀರಾ?"

ಶಿವಾಜಿನಗರದ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಉಮೈರನ ಅಂಗಡಿ. ಫ್ಯಾಕ್ಟರಿಗಳು ಬೇಡವೆಂದು ತಳ್ಳಿದ ವಿನೈಲ್ ಗೊಂಬೆಗಳು ಅಲ್ಲಿಗೆ ಮೂಟೆಗಟ್ಟಲೆ ಬಂದು ಬೀಳುತ್ತಿದ್ದವು. ಯಾವುದು ತೆಗೆದುಕೊಂಡರೂ ನೂರಿಪ್ಪತ್ತು ರೂಪಾಯಿ. ಶನಿವಾರ ಇಂದಿರಾನಗರದ ಹುಡುಗರು ಬಂದು, ಜಪಾನಿನಲ್ಲಿ ಇಂಥದ್ದೊಂದಕ್ಕೆ ಒಂದು ಸ್ಕೂಟರಿನ ಬೆಲೆ ಎಂದೆಲ್ಲ ಕೊಚ್ಚಿಕೊಂಡು, ಕೊನೆಗೆ ಹತ್ತು ರೂಪಾಯಿಗೆ ಚೌಕಾಸಿ ಮಾಡುತ್ತಿದ್ದರು. ಮುತ್ತುರಾಜನೂ ತಮ್ಮ ಪೈಕಿಯೇ ಎಂದು ಅವರ ನಂಬಿಕೆ. ಪಾಪ, ಅವನ ಕಥೆಯೇ ಬೇರೆ. ಪ್ರತಿ ವಾರ ಇಡೀ ಮೂಟೆ ಕೆದಕಿ ಬರಿಗೈಯಲ್ಲಿ ಹೋಗಲು ನಾಚಿಕೆಯಾಗಿ ಒಂದೊಂದು ಕೊಂಡುಕೊಳ್ಳುತ್ತಿದ್ದ. ಹಾಗೆ ಸಂಕೋಚಕ್ಕೆ ಕೊಂಡವೇ ನಾಲ್ಕು ವರ್ಷದಲ್ಲಿ ದೊಮ್ಮಲೂರಿನ ಅವನ ಮನೆಯ ಎರಡು ಹಲಗೆ ತುಂಬಿದ್ದವು.

ಅವನಿಗೆ ಬೇಕಾಗಿದ್ದದ್ದು ಒಂದೇ ಒಂದು.

ನಾಲ್ಕು ವರ್ಷದ ಹಿಂದೆ ಈ ಮೂರು ಕಣ್ಣಿನವನು ತಯಾರಾಗುತ್ತಿದ್ದದ್ದು ದೊಡ್ಡನೆಕ್ಕುಂದಿಯ ಒಂದು ಶೆಡ್ಡಿನಲ್ಲಿ. ಅಚ್ಚಿನಿಂದ ಬಂದ ಮೈಗೆ ಕೈ ಹಾಕುವುದು ಮುತ್ತುರಾಜನ ಕೆಲಸ. ಬಿಸಿನೀರಿನ ತೊಟ್ಟಿಯಲ್ಲಿ ಕೈ ಮೆತ್ತಗಾದ ಕೂಡಲೇ ತೆಗೆದು ಭುಜದ ತೂತಿಗೆ ಒತ್ತಬೇಕು, ತಡವಾದರೆ ಗಟ್ಟಿಯಾಗಿಬಿಡುತ್ತದೆ. ಒಂದು ದಿನ ಬೆಳಿಗ್ಗೆ, ಹಾಗೆ ಒತ್ತುತ್ತಿದ್ದಾಗ ಅಂಗಿಯ ಜೇಬಿನಲ್ಲಿ ಫೋನು ನಡುಗಿತು. ಬಗ್ಗಿ ನೋಡಿದ. ಹೆಂಡತಿ ಸಂಘಮಿತ್ರಾಳ ಹೆಸರು. ಇದೊಂದು ಮುಗಿಸಿ ಮಾಡೋಣ ಎಂದುಕೊಂಡ. ಅದು ಮುಗಿಯಿತು, ಇನ್ನೊಂದು ಬಂತು, ಮರೆತೇಹೋಯಿತು. ಅರ್ಧ ಗಂಟೆ ಕಳೆದು ಸೂಪರ್‌ವೈಸರ್ ಓಡಿಬಂದ. ಸಂಘಮಿತ್ರಾಳ ತಲೆಯೊಳಗೆ ರಕ್ತನಾಳ ಒಡೆದಿತ್ತಂತೆ. ಮುತ್ತುರಾಜ್ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಣ್ಣು ಮಾಡಿ ಬಂದ ಐದನೇ ದಿನ ಅವನ ಬೆರಳುಗಳಿಗೆ ಇದ್ದಕ್ಕಿದ್ದಂತೆ ನೆನಪಾಯಿತು. ಫೋನು ನಡುಗುತ್ತಿದ್ದಾಗ ಒತ್ತಿದ್ದು ಎಡಗೈ. ಅದಕ್ಕೂ ಮೊದಲು ಅದೇ ಗೊಂಬೆಗೆ ಒತ್ತಿದ್ದೂ ಎಡಗೈಯೇ. ಅಂಥದ್ದನ್ನು ಫ್ಯಾಕ್ಟರಿ ತಳ್ಳಿಯೇ ಇರುತ್ತದೆ, ಎಲ್ಲೋ ಒಂದು ಮೂಟೆಯಲ್ಲಿ ಬಿದ್ದೇ ಇರುತ್ತದೆ. ಅವಳು ಏನು ಹೇಳಲು ಫೋನ್ ಮಾಡಿದ್ದಳೋ ಇನ್ನು ಗೊತ್ತಾಗುವುದಿಲ್ಲ. ಆ ಹೊತ್ತಿನಲ್ಲಿ ತನ್ನ ಕೈಯಲ್ಲಿದ್ದದ್ದಾದರೂ ಸಿಗಲಿ ಎಂದು ಹುಡುಕತೊಡಗಿದ. ಅಳು ಅವತ್ತೂ ಬರಲಿಲ್ಲ, ಆಮೇಲೂ ಬರಲಿಲ್ಲ. ಶೆಡ್ಡಿನವರು ಗೊಂಬೆ ಬಿಟ್ಟು ಬಾಟಲಿ ಮುಚ್ಚಳ ಮಾಡತೊಡಗಿದರು. ಅವನೂ ಮುಚ್ಚಳ ಮಾಡಿದ.

ಈಗ ಮೂಟೆಯ ತಳದಿಂದ ಬಂದ ರಾಕ್ಷಸನ ಒಂದು ಹೆಬ್ಬೆರಳು ಒಳಗಿತ್ತು, ಇನ್ನೊಂದು ಹೊರಗೆ. ಮುತ್ತುರಾಜ್ ಎರಡು ಸಲ ತಿರುಗಿಸಿ ನೋಡಿದ. ಎರಡೂ ಎಡಗೈ.

ಏನಾದರೂ ಆಗುತ್ತದೆಂದು ಕಾದ. ಏನೂ ಆಗಲಿಲ್ಲ. ದುಡ್ಡು ಕೊಟ್ಟು, ಬಸ್ಸು ಹತ್ತಿ ಮನೆಗೆ ಬಂದು, ಬುದ್ಧನ ಪಟದ ಪಕ್ಕದಲ್ಲಿದ್ದ ಸಂಘಮಿತ್ರಾಳ ಫೋಟೋದ ಕೆಳಗೆ, ಹಲಗೆಯ ನಡುಮಧ್ಯದಲ್ಲಿ ಅದನ್ನು ನಿಲ್ಲಿಸಿದ. ಊಟ ಮಾಡಿ ಮಲಗಿದ.

ಮರುದಿನ ಫಸ್ಟ್ ಶಿಫ್ಟ್ ಮುಗಿಸಿ ಮೂರೂವರೆಗೆ ಮನೆಗೆ ಬಂದಾಗ ಮಗಳು ತೇಜಶ್ರೀ ಬಾಗಿಲಲ್ಲೇ ಕಾಯುತ್ತಿದ್ದಳು. ಒಂಬತ್ತನೇ ಕ್ಲಾಸು, ಮಾತು ಕಮ್ಮಿ. ಅವತ್ತು ಮಾತ್ರ ಮುಖ ಅರಳಿತ್ತು.

"ಅಪ್ಪಾ, ನಿನ್ನೆ ತಂದಿದ್ದನ್ನ ನೀನು ಸರಿಯಾಗಿ ನೋಡ್ಲೇ ಇಲ್ಲ. ಎರಡೂ ಎಡಗೈ! ಬಿಸಿನೀರಿಗೆ ಹಾಕಿ ಕಿತ್ತು ಸರಿ ಮಾಡಿದೀನಿ ನೋಡು. ಆ ಮೂಲೇದು ಹೆಂಗಿದ್ರೂ ಬಣ್ಣ ಹೋಗಿತ್ತಲ್ಲ, ಅದರ ಬಲಗೈ ತಗೊಂಡೆ."

ಕೈ ಸಡಿಲವಾದರೆ ಬಿಸಿನೀರಿಗೆ ಅದ್ದಿ ಕೂರಿಸಬೇಕೆಂದು ಅವಳಿಗೆ ಕಲಿಸಿಕೊಟ್ಟವನು ಅವನೇ. ಹಲಗೆಯ ನಡುವಿನ ರಾಕ್ಷಸ ಎಲ್ಲರ ಹಾಗೆ ಒಂದು ಎಡಗೈ, ಒಂದು ಬಲಗೈ ಚಾಚಿ ನಿಂತಿದ್ದ. ಮುತ್ತುರಾಜ್ ಕುರ್ಚಿಯಲ್ಲಿ ಕೂತ. ಕೋಪವಾದರೂ ಬರಲಿ ಎಂದುಕೊಂಡ. ಅದೂ ಬರಲಿಲ್ಲ.

"ಕಿತ್ತ ಕೈ ಎಲ್ಲಿ?"

"ತಟ್ಟೇಲಿದೆ. ಈಗ ತಾನೇ ತೆಗ್ದೆ. ಯಾಕಪ್ಪ?"

"ಅದನ್ನ ಹಾಕಿದ್ದು ನಾನೇ." ಇಷ್ಟು ವರ್ಷ ಯಾರಿಗೂ ಹೇಳದ್ದು ಸಲೀಸಾಗಿ ಬಾಯಿಗೆ ಬಂತು. "ಅವತ್ತು. ಇದು ಕೈಯಲ್ಲಿದ್ದಾಗ ನಿಮ್ಮಮ್ಮ ಫೋನ್ ಮಾಡಿದ್ಲು. ಮುಗಿಸ್ಬಿಟ್ಟು ಮಾಡೋಣ ಅಂದ್ಕೊಂಡೆ. ಏನ್ ಹೇಳ್ಬೇಕು ಅಂತಿದ್ಲೋ ಏನೋ."

ತೇಜಶ್ರೀ ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು. ಆಮೇಲೆ ಇನ್ನೊಂದು ಸಲ ಒರೆಸಿಕೊಂಡಳು.

"ಅಮ್ಮ ಅಲ್ಲ ಅಪ್ಪ."

"ಏನು?"

"ಫೋನ್ ಮಾಡಿದ್ದು ಅಮ್ಮ ಅಲ್ಲ. ನಾನು. ಜ್ವರ ಅಂತ ಸ್ಕೂಲಿಗೆ ಹೋಗಿರ್ಲಿಲ್ಲ ನೋಡು. ಅಮ್ಮ ಆಗ್ಲೇ ಬಿದ್ದೋಗಿದ್ಲು, ಮಾತೇ ಆಡ್ತಿರ್ಲಿಲ್ಲ. ಅಮ್ಮನ ಫೋನಲ್ಲಿ ಮೊದ್ಲು ನಿನ್ನ ಹೆಸ್ರೇ ಇತ್ತು. ಪೂರ್ತಿ ರಿಂಗ್ ಆಯ್ತು, ನೀನು ಎತ್ಲಿಲ್ಲ. ಆಮೇಲೆ ಪಕ್ಕದ್ಮನೆ ಮುನಿಲಕ್ಷ್ಮಮ್ಮಜ್ಜಿನ ಕರ್ಕೊಂಬಂದೆ."

"ಇಷ್ಟು ವರ್ಷ ಹೇಳ್ಲೇ ಇಲ್ವಲ್ಲ ನೀನು."

"ನೀನು ಕೇಳ್ಲಿಲ್ಲ."

ಅವಳ ದನಿಯಲ್ಲಿ ದೂರಿರಲಿಲ್ಲ. ಅದನ್ನೇ ಅವನಿಗೆ ತಡೆಯಲಾಗಲಿಲ್ಲ. ನಾಲ್ಕು ವರ್ಷ ಅವನು ಸಂಘಮಿತ್ರಾಳ ದನಿಯಲ್ಲಿ ನೂರು ಮಾತು ಕಲ್ಪಿಸಿಕೊಂಡಿದ್ದ. ಅಕ್ಕಿ ತಗೊಂಬಾ, ತಲೆ ನೋಯ್ತಿದೆ, ಬೇಗ ಬಾ. ಅವು ಒಂದೂ ಇರಲೇ ಇಲ್ಲ. ಕರೆದದ್ದು ಜ್ವರ ಬಂದ ಹತ್ತು ವರ್ಷದ ಹುಡುಗಿ. ಕರೆದವಳು ಇದೇ ಮನೆಯಲ್ಲಿ, ಇದೇ ಹಲಗೆಯ ದೂಳು ಒರೆಸಿಕೊಂಡು, ದಿನಾ ಅವನ ತಟ್ಟೆಗೆ ಅನ್ನ ಬಡಿಸಿಕೊಂಡು ಇದ್ದಳು. ಅವಳನ್ನು ನೋಡಿದ. ಇಷ್ಟುದ್ದ ಯಾವಾಗ ಬೆಳೆದಳೋ. ಬಿಸಿನೀರಿಗೆ ಬೆರಳ ತುದಿಗಳು ಕೆಂಪಾಗಿದ್ದವು. ಜೋಮು ಹಿಡಿದ ಕಾಲಿಗೆ ರಕ್ತ ಹರಿದ ಹಾಗೆ ಎದೆಯಲ್ಲೆಲ್ಲ ಚುಚ್ಚತೊಡಗಿತು. ನೋವಾಯಿತು.

"ವಾಪಸ್ ಹಾಕ್ಲಾ?" ಅಂದಳು ತೇಜಶ್ರೀ, ಅವನ ಮುಖ ನೋಡಿ. "ನೀರು ಇನ್ನೂ ಬಿಸಿ ಇದೆ."

"ಬೇಡ. ಹಂಗೇ ಇರ್ಲಿ."

ಅವಳು ಪಾತ್ರೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಮುತ್ತುರಾಜ್ ತಟ್ಟೆಯಿಂದ ಆ ಎಡಗೈಯನ್ನು ತೆಗೆದುಕೊಂಡ. ಇನ್ನೂ ಬೆಚ್ಚಗಿತ್ತು, ಒತ್ತಿದರೆ ಬಗ್ಗುವಷ್ಟು ಮೆತ್ತಗಿತ್ತು. ಹಲಗೆಯ ಮೂಲೆಯಲ್ಲಿ ಬಣ್ಣ ಹೋದವನು ಒಂದು ಭುಜದಲ್ಲಿ ತೂತು ಬಿಟ್ಟುಕೊಂಡು ನಿಂತಿದ್ದ. ಗಟ್ಟಿಯಾಗುವ ಮೊದಲೇ ಹಾಕಬೇಕೆಂದು ಅವನನ್ನು ಇಳಿಸಿ ತೊಡೆಯ ನಡುವೆ ಹಿಡಿದು, ಎಡಗೈಯ ತುದಿಯನ್ನು ತೂತಿಗೆ ಇಟ್ಟು ಒತ್ತತೊಡಗಿದ.

"ಅಪ್ಪಾ," ಒಳಗಿಂದ ತೇಜಶ್ರೀ ಕರೆದಳು.

"ಓ, ಬಂದೆ," ಎಂದ ಮುತ್ತುರಾಜ್. ತೊಡೆಯ ನಡುವಿದ್ದ ಗೊಂಬೆ ನೆಲಕ್ಕೆ ಬಿತ್ತು, ಅರ್ಧ ಕೂತಿದ್ದ ಕೈ ಕಳಚಿ ಕುರ್ಚಿಯ ಕೆಳಗೆ ಉರುಳಿತು. ಅವನು ಆಗಲೇ ಎದ್ದು ಅಡುಗೆಮನೆಯ ಬಾಗಿಲಿಗೆ ಬಂದಿದ್ದ.